ಕೆರೆ ದಾಟದೆ ಅಗಲ ಅಳೆಯುವುದು ಹೇಗೆ?

ಪ್ರಶ್ನೆ: ಮಗಳು 10ನೇ ತರಗತಿ. ಸಮರೂಪ (ಆಕಾರ ಒಂದೇ, ಗಾತ್ರ ಬೇರೆ ಇರಬಹುದಾದ) ತ್ರಿಭುಜಗಳಿಂದ ನದಿಯ ಅಗಲ ಕಂಡುಹಿಡಿಯುವ ಲೆಕ್ಕ ಕಲಿತಿದ್ದಾಳೆ. ಅದನ್ನೇ ಸ್ಯಾಂಕಿ ಕೆರೆಯಲ್ಲಿ ಮಾಡಿ ನೋಡೋಣ ಅಂತ ಹೋದೆವು. ಲೆಕ್ಕದಲ್ಲಿ ಹೇಳಿದ ಹಾಗೆ ದಡದಿಂದ ಹಿಂದಕ್ಕೆ ನಡೆಯಲು ನಾವು ನಿಂತ ಕಡೆ ಜಾಗವೇ ಇರಲಿಲ್ಲ. ಬೇರೆ ದಾರಿ ಇದೆಯೇ?
– ಓದುಗರು, ಮಲ್ಲೇಶ್ವರ

ಉತ್ತರ: ಖಂಡಿತ ಇದೆ. ಹಿಂದಕ್ಕೆ ನಡೆಯುವುದು ನೆಲದ ಮೇಲೆ ಇನ್ನೊಂದು ಚಿಕ್ಕ ತ್ರಿಭುಜ ಮಾಡಲು, ಅಲ್ವಾ? ಅದು ನೆಲದ ಮೇಲೇ ಇರಬೇಕೆಂದಿಲ್ಲ. ಕಾಗದದ ಮೇಲೆ ಬರೆದುಕೊಳ್ಳಿ.

ಡ್ರಾಯಿಂಗ್ ಬೋರ್ಡ್, ಸ್ಟೂಲ್, ಗುಂಡುಪಿನ್ನು, ಸ್ಕೇಲ್, ಉದ್ದನೆಯ ಟೇಪ್ ಸಾಕು. ಆಚೆ ದಡದಲ್ಲಿ ಎದ್ದು ಕಾಣುವ ಒಂದು ಮರ ಆರಿಸಿ. ಈಚೆ ದಡದಲ್ಲಿ 60 ಮೀಟರ್ ದೂರದ ಎರಡು ಜಾಗ ಗುರುತಿಸಿ. ಮೊದಲ ಜಾಗದಲ್ಲಿ ಬೋರ್ಡನ್ನು ಮಟ್ಟಸವಾಗಿಟ್ಟು ಪಿನ್ನು ಚುಚ್ಚಿ. ಸ್ಕೇಲನ್ನು ಅದಕ್ಕೆ ತಾಗಿಸಿ, ಅಂಚಿನ ಮೇಲೆ ಕಣ್ಣಿಟ್ಟು, ಮರದ ಕಡೆಗೊಂದು ಗೆರೆ ಎಳೆಯಿರಿ. ಎರಡನೇ ಜಾಗದಲ್ಲಿ ನಿಂತ ಮಗಳ ಕಡೆಗೆ ಇನ್ನೊಂದು. ಈ ಎರಡನೇ ಗೆರೆಯಲ್ಲಿ 6 ಸೆಂ.ಮೀ. ಗುರುತು ಹಾಕಿ.

ಈಗ ಬೋರ್ಡನ್ನು ಎರಡನೇ ಜಾಗಕ್ಕೆ ಒಯ್ಯಿರಿ. ಆ 6 ಸೆಂ.ಮೀ. ಗೆರೆ ಸರಿಯಾಗಿ ಮೊದಲ ಜಾಗದ ಕಡೆಗೇ ತಿರುಗಿರಬೇಕು. ಇದರಲ್ಲಿ ಅವಸರ ಬೇಡ, ಇಲ್ಲಿ ಎಡವಿದರೆ ಎಲ್ಲವೂ ಕೆಡುತ್ತದೆ. ಹೊಸ ಗುರುತಿನಿಂದ ಮರದ ಕಡೆಗೆ ಗೆರೆ ಎಳೆದರೆ ಅದು ಹಳೆಯ ಗೆರೆಯನ್ನು ಕತ್ತರಿಸುತ್ತದೆ. ಎರಡು ಕೋನ ಸಮ, ಹಾಗಾಗಿ ತ್ರಿಭುಜಗಳು ಸಮರೂಪ. ಕಾಗದದಲ್ಲಿ 1 ಸೆಂ.ಮೀ. ಅಂದರೆ ನೆಲದಲ್ಲಿ 10 ಮೀಟರ್. ಮೊದಲ ಗೆರೆ 18.5 ಸೆಂ.ಮೀ. ಬಂದರೆ ಮರ 185 ಮೀಟರ್ ದೂರ. ಮರ ನೀರಿನಿಂದ ಹಿಂದಿದ್ದರೆ ಅಷ್ಟನ್ನು ಕಳೆಯಿರಿ.

ಎರಡು ಜಾಗಗಳ ನಡುವಿನ ದೂರವನ್ನು ಮಾತ್ರ ಜಿಪುಣತನದಿಂದ ಆರಿಸಬೇಡಿ. ಮೊದಲ ಜಾಗದ ಕೋನ 90 ಡಿಗ್ರಿ ಇದ್ದು, ಎರಡನೆಯದರಲ್ಲಿ 1 ಡಿಗ್ರಿ ತಪ್ಪಿದರೆ ಈ ಉತ್ತರ ಸುಮಾರು 11 ಮೀಟರ್ ಆಚೀಚೆ ಆಗುತ್ತದೆ. 60ರ ಬದಲು 120 ಮೀಟರ್ ತೆಗೆದುಕೊಂಡರೆ ಸುಮಾರು 7 ಮೀಟರ್ ಅಷ್ಟೇ. 1800ರಲ್ಲಿ ಬ್ರಿಟಿಷ್ ಭೂಮಾಪಕ ವಿಲಿಯಂ ಲ್ಯಾಂಬ್ಟನ್ ನಮ್ಮ ಬೆಂಗಳೂರಿನ ಬಳಿ 100 ಅಡಿಯ ಉಕ್ಕಿನ ಸರಪಳಿಯಿಂದ ಅಳೆದ ಆಧಾರರೇಖೆ, ಅಂದರೆ ನಮ್ಮ 60 ಮೀಟರ್‌ನಂತೆ ಮೊದಲು ನೆಲದಲ್ಲೇ ಅಳೆಯುವ ಗೆರೆ, 7 ಮೈಲಿಗೂ ಜಾಸ್ತಿ ಇತ್ತು! ಆ ಒಂದು ಗೆರೆ ಕೈಗೆ ಸಿಕ್ಕರೆ ಮಿಕ್ಕ ದೂರಗಳನ್ನು ಕೋನಗಳಿಂದಲೇ ಪಡೆಯಬಹುದು.

ಸಾಧ್ಯವಾದರೆ ಅದೇ ನೇರದಲ್ಲಿ ಮೂರನೇ ಜಾಗದಿಂದಲೂ ಮರಕ್ಕೆ ಗೆರೆ ಎಳೆಯಿರಿ. ಮೂರೂ ಒಂದೇ ಚುಕ್ಕಿಯಲ್ಲಿ ಸೇರಿದರೆ ಅಳತೆಯನ್ನು ನಂಬಬಹುದು. ನಡುವೆ ಪುಟ್ಟ ತ್ರಿಭುಜ ಉಳಿದರೆ ಎಲ್ಲೋ ಬೋರ್ಡ್ ಅಲುಗಾಡಿದೆ, ಮತ್ತೊಮ್ಮೆ ಅಳೆಯಿರಿ.