ಓದುಗರ ಪ್ರಶ್ನೆ: ಜಾಹೀರಾತಿನ ಪರದೆಯಲ್ಲಿ ಕಾಣುವ ಜನ ಯಾರು?

ಪ್ರಶ್ನೆ: ನಾವು ಐದಾರು ಹೆಂಗಸರು ಸೇರಿ ಉಡುಪಿ ಕೈಮಗ್ಗದ ಸೀರೆ ಮಾರುತ್ತೇವೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗೆ ಜಾಹೀರಾತು ಹಾಕಿಕೊಡುವ ಹುಡುಗ ಫೋನಿನಲ್ಲಿ ಪರದೆ ತೋರಿಸಿ, ‘ನೋಡಿ ಅಕ್ಕ, ಉಡುಪಿಯಲ್ಲೇ ಲಕ್ಷಗಟ್ಟಲೆ ಜನ ಸಿಗುತ್ತಾರೆ’ ಎಂದ. ಆ ಲೆಕ್ಕ ನಂಬಬಹುದೇ? ನಮ್ಮ ಸೀರೆ ಉಡುವವರು ಹೆಚ್ಚಾಗಿ ನಲವತ್ತು ದಾಟಿದವರು. ಅವರು ಅಲ್ಲಿದ್ದಾರೆಯೇ?
— ಓದುಗರೊಬ್ಬರು, ಕಾರ್ಕಳ

ಉತ್ತರ: ಆ ಹುಡುಗ ಸುಳ್ಳು ಹೇಳಿಲ್ಲ. ಆದರೆ ನೀವು ಕೇಳುವುದಕ್ಕೆ ಆ ಪರದೆ ಉತ್ತರ ಕೊಡುವುದಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ನಡೆಸುವ ಮೆಟಾ ಕಂಪನಿಯಲ್ಲಿ ಜಾಹೀರಾತು ಹಾಕುವ ಪರದೆಗೆ ಆಡ್ಸ್ ಮ್ಯಾನೇಜರ್ ಎಂದು ಹೆಸರು. ಅದರಲ್ಲಿ ಊರು, ಪ್ರಾಯ, ಗಂಡು-ಹೆಣ್ಣು ಆರಿಸಿದ ಕೂಡಲೇ ‘ಇಷ್ಟರಿಂದ ಇಷ್ಟು’ ಎಂಬ ಅಂದಾಜು ಬರುತ್ತದೆ. ಅದು ಜಾಹೀರಾತು ತೋರಿಸಲು ಸಾಧ್ಯವಿರುವ ಖಾತೆಗಳ ಅಂದಾಜು. ಜನಗಣತಿಗೆ ತಾಳೆಯಾಗಲಿ ಎಂದು ಮಾಡಿದ ಲೆಕ್ಕ ಇದಲ್ಲ ಎಂದು ಕಂಪನಿಯೇ ಹೇಳುತ್ತದೆ. 2017ರಲ್ಲಿ ಅಮೆರಿಕದ ವಿಶ್ಲೇಷಕ ಬ್ರಯಾನ್ ವೀಸರ್ ಇದನ್ನು ಎತ್ತಿ ತೋರಿಸಿದ್ದರು. ಆ ದೇಶದ 18ರಿಂದ 24ರ ಪ್ರಾಯದ 4.1 ಕೋಟಿ ಮಂದಿಯನ್ನು ತಲುಪಬಹುದು ಎನ್ನುತ್ತಿತ್ತು ಫೇಸ್‌ಬುಕ್. ಜನಗಣತಿಯ ಪ್ರಕಾರ ಆ ಪ್ರಾಯದವರು ಇದ್ದದ್ದೇ ಸುಮಾರು 3.1 ಕೋಟಿ.

ಹೀಗಾಗಲು ಕಾರಣಗಳಿವೆ. ಒಬ್ಬರಿಗೇ ಎರಡು ಖಾತೆ ಇರುತ್ತದೆ, ಪ್ರಾಯ ತಪ್ಪು ಹಾಕಿರುತ್ತಾರೆ. ನಮ್ಮ ಕಡೆ ಇನ್ನೊಂದು ದೊಡ್ಡ ಕಾರಣವುಂಟು. ಊರಿನಲ್ಲಿ ವಾಸವಿರುವವರ ಜೊತೆಗೆ ಇತ್ತೀಚೆಗೆ ಅಲ್ಲಿಗೆ ಬಂದುಹೋದವರನ್ನೂ ಪರದೆ ಸೇರಿಸಿಕೊಳ್ಳುತ್ತದೆ. ಕೃಷ್ಣ ಮಠಕ್ಕೆ ಬಂದ ಯಾತ್ರಿಕರು, ಮಲ್ಪೆಯ ಪ್ರವಾಸಿಗರು, ಮಣಿಪಾಲದ ವಿದ್ಯಾರ್ಥಿಗಳನ್ನು ನೋಡಲು ಬಂದ ಅಪ್ಪ-ಅಮ್ಮಂದಿರು ಎಲ್ಲರೂ ‘ಉಡುಪಿ’ಯವರೇ ಆಗಿಬಿಡುತ್ತಾರೆ. ಎರಡು ವರ್ಷಕ್ಕೊಮ್ಮೆ ಜನವರಿಯಲ್ಲಿ ಪರ್ಯಾಯ ನಡೆಯುವಾಗ ನೋಡಿದ ಅಂದಾಜನ್ನು ಮಳೆಗಾಲದಲ್ಲಿ ನೋಡಿದ್ದರ ಪಕ್ಕದಲ್ಲಿಟ್ಟು ಹೋಲಿಸಬೇಡಿ.

ಹಾಗಾದರೆ ಆ ಪರದೆಯಿಂದ ಏನು ಪ್ರಯೋಜನ ಎಂದು ಕೇಳಬಹುದು. ನನ್ನ ಅನುಭವದಲ್ಲಿ ಬಹಳ ಇದೆ, ಒಂದು ಸಂಖ್ಯೆಯನ್ನು ಇನ್ನೊಂದರ ಪಕ್ಕ ಇಟ್ಟು ನೋಡುವುದಾದರೆ. ಮಂಗಳೂರಿನ ಸಣ್ಣ ಅಂಗಡಿಗಳಿಗೆ ಈ ಕೆಲಸ ಮಾಡಿಕೊಡುವವಳು ನಾನು. ಯಾರ ಹಣ ಖರ್ಚು ಮಾಡುವ ಮೊದಲೂ ಅಂದಾಜುಗಳನ್ನು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳುತ್ತೇನೆ. ಜಾಹೀರಾತು ಪ್ರಕಟಿಸದೆ ಇದನ್ನು ನೋಡಲು ಒಂದು ರೂಪಾಯಿಯೂ ಬೇಡ. ನೀವೂ ಮಾಡಿ. ಉಡುಪಿ, 40 ದಾಟಿದವರು, ಮೊದಲು ಹೆಂಗಸರು, ಆಮೇಲೆ ಗಂಡಸರು.

ಈಗ 2011ರ ಜನಗಣತಿ ತೆಗೆಯಿರಿ. ಉಡುಪಿ ಜಿಲ್ಲೆಯ ಜನಸಂಖ್ಯೆ 11,77,361. ಸಾವಿರ ಗಂಡಸರಿಗೆ 1,094 ಹೆಂಗಸರು. ಗಂಡಸರು ಮುಂಬಯಿ, ಗಲ್ಫ್ ಎಂದು ದುಡಿಯಲು ಹೋದ ಜಿಲ್ಲೆ ನಮ್ಮದು, ಹಾಗಾಗಿ ಹೆಂಗಸರೇ ಹೆಚ್ಚು. ಆದರೆ ಭಾರತದ ಫೇಸ್‌ಬುಕ್‌ನಲ್ಲಿ ಗಂಡಸರ ಸಂಖ್ಯೆಯೇ ಬಹಳ ಹೆಚ್ಚು. ಪರದೆಯಲ್ಲಿ ನಿಮ್ಮ ಹೆಂಗಸರ ಅಂದಾಜು ಸಣ್ಣದಾಗಿ ಕಂಡರೆ, ಉಡುಪಿಯಲ್ಲಿ ಸೀರೆ ಉಡುವವರು ಕಡಿಮೆ ಎಂದಲ್ಲ. ಅವರ ಕೈಯಲ್ಲಿ ಖಾತೆ ಇಲ್ಲ ಎಂದಷ್ಟೇ. ಈ ಅಂತರವನ್ನೇ ಅಧ್ಯಯನ ಮಾಡಿದವರಿದ್ದಾರೆ. ಮಸೂಮಾಲಿ ಫತೇಕಿಯಾ, ರಿಧಿ ಕಶ್ಯಪ್, ಇಂಗ್ಮಾರ್ ವೇಬರ್ ಎಂಬ ಸಂಶೋಧಕರು 2018ರಲ್ಲಿ ಇದೇ ಜಾಹೀರಾತು ಅಂದಾಜುಗಳನ್ನು ಬಳಸಿ, ಯಾವ ದೇಶದಲ್ಲಿ ಹೆಂಗಸರಿಗೆ ಇಂಟರ್‌ನೆಟ್ ಎಷ್ಟು ಕಡಿಮೆ ಸಿಗುತ್ತಿದೆ ಎಂದು ಅಳೆದರು. ಮಾರಾಟಕ್ಕೆಂದು ಮಾಡಿದ ಪರದೆ ಇಂಥ ಕೆಲಸಕ್ಕೂ ಬಂತು ಎನ್ನುವುದು ನನಗೆ ನಿಜಕ್ಕೂ ಸಂತೋಷದ ಸಂಗತಿ.

ನಿಮ್ಮ ಮಟ್ಟಿಗೆ ಇದರರ್ಥ: ಅಮ್ಮನನ್ನು ಹುಡುಕುವುದರ ಜೊತೆಗೆ ಮಗಳನ್ನೂ ಹುಡುಕಿ. 25ರಿಂದ 40ರ ಹೆಂಗಸರು, ಬೆಂಗಳೂರು, ಮುಂಬಯಿ, ದುಬೈ. ಮೊದಲ ಸಂಬಳದಲ್ಲಿ ಅಮ್ಮನಿಗೆ ಸೀರೆ ಕಳಿಸುವ ಮಕ್ಕಳು ನಮ್ಮಲ್ಲಿ ಎಷ್ಟು ಮನೆಯಲ್ಲಿಲ್ಲ! ಗಲ್ಫ್‌ಗೆ ಹಾಕುವುದಾದರೆ ‘ಭಾರತದಲ್ಲಿ ವಾಸವಿದ್ದವರು’ ಎಂಬ ಆಯ್ಕೆಯಿದೆ. ಆದರೆ ಅದಕ್ಕೆ ಮಲಯಾಳಿ, ಕರಾವಳಿ ಎಂಬ ಭೇದ ಗೊತ್ತಿಲ್ಲ. ‘ಕನ್ನಡ’ ಎಂದು ಭಾಷೆ ಸೇರಿಸಿದರೆ ಅಂದಾಜು ದಿಢೀರ್ ಕುಸಿಯುತ್ತದೆ. ಗಾಬರಿಯಾಗಬೇಡಿ. ಭಾಷೆಯನ್ನು ಅದು ಗುರುತಿಸುವುದು ಮುಖ್ಯವಾಗಿ ಫೇಸ್‌ಬುಕ್ ಅನ್ನು ಯಾವ ಭಾಷೆಯಲ್ಲಿ ಇಟ್ಟುಕೊಂಡಿದ್ದಾರೆ ಎಂಬುದರಿಂದ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡಿ ಫೇಸ್‌ಬುಕ್ ಅನ್ನು ಇಂಗ್ಲಿಷ್‌ನಲ್ಲಿ ಇಟ್ಟುಕೊಂಡವರು ನಮ್ಮಲ್ಲಿ ಬಹಳ. ಭಾಷೆಯ ಆಯ್ಕೆ ಬಿಟ್ಟು, ಜಾಹೀರಾತಿನ ಮಾತನ್ನೇ ಕನ್ನಡದಲ್ಲೋ ತುಳುವಿನಲ್ಲೋ ಬರೆಯಿರಿ. ಓದುವವರು ನಿಲ್ಲುತ್ತಾರೆ.

ಇನ್ನು ನಕ್ಷೆ. ಉಡುಪಿಯ ಮೇಲೆ 40 ಕಿ.ಮೀ. ವೃತ್ತ ಎಳೆದರೆ ಅರ್ಧಕ್ಕರ್ಧ ಅರಬ್ಬಿ ಸಮುದ್ರದ ಮೇಲೆ ಹೋಗುತ್ತದೆ. ಅದರಿಂದ ನಷ್ಟವಿಲ್ಲ, ನೀರಿನಲ್ಲಿ ಖಾತೆಗಳಿಲ್ಲ. ಆದರೆ ದಕ್ಷಿಣದಲ್ಲಿ ದಕ್ಷಿಣ ಕನ್ನಡದ ಮೂಲ್ಕಿ ಒಳಗೆ ಬಂತು, ಉತ್ತರದಲ್ಲಿ ನಮ್ಮದೇ ಜಿಲ್ಲೆಯ ಬೈಂದೂರು ಹೊರಗೆ ಉಳಿಯಿತು. ಒಂದೇ ದೊಡ್ಡ ವೃತ್ತದ ಬದಲು ಉಡುಪಿ, ಕಾರ್ಕಳ, ಕುಂದಾಪುರ, ಬೈಂದೂರು ಎಂದು ಸಣ್ಣ ಸಣ್ಣ ವೃತ್ತ ಹಾಕಿಸಿ. ಹಾಗೆಂದು ತೀರಾ ಕಿರಿದು ಮಾಡಬೇಡಿ. ಸಾವಿರಕ್ಕಿಂತ ಕಡಿಮೆಯಾದರೆ ಪರದೆ ಸರಿಯಾದ ಸಂಖ್ಯೆ ಕೊಡುವುದಿಲ್ಲ. ಯಾರನ್ನೂ ಬೆರಳು ಮಾಡಿ ಗುರುತಿಸಲಾಗದಿರಲಿ ಎಂಬ ಆ ಮಿತಿ ಒಳ್ಳೆಯದೇ.

ಪ್ರಶ್ನೆ: ಹಂಪನಕಟ್ಟೆಯ ನಮ್ಮ ಅಂಗಡಿಯ ವಿಡಿಯೊಗೆ 30,000 ಇಂಪ್ರೆಷನ್ ಬಂದಿದೆ ಎಂದು ವರದಿ ಕೊಟ್ಟಿದ್ದಾರೆ. ಅಷ್ಟು ಜನ ನೋಡಿದರೆಂದು ಅರ್ಥವೇ?
— ಮಂಗಳೂರು

ಉತ್ತರ: ಅಲ್ಲ. ಇಂಪ್ರೆಷನ್ ಎಂದರೆ ಪರದೆಯ ಮೇಲೆ ಬಂದ ಸಲಗಳು. ರೀಚ್, ಅಂದರೆ ಎಷ್ಟು ಬೇರೆ ಬೇರೆ ಜನರಿಗೆ ಕಾಣಿಸಿತು ಎಂಬ ಲೆಕ್ಕ, ಎಷ್ಟು ಎಂದು ಕೇಳಿ. ರೀಚ್ 10,000 ಇದ್ದರೆ ಒಬ್ಬೊಬ್ಬರಿಗೆ ಸರಾಸರಿ ಮೂರು ಸಲ ಕಾಣಿಸಿದೆ ಎಂದು ಲೆಕ್ಕ. ಅದನ್ನೇ ಫ್ರೀಕ್ವೆನ್ಸಿ ಎನ್ನುವುದು. ವಿಡಿಯೊ ಮೂರು ಸೆಕೆಂಡ್ ಓಡಿದರೂ ಒಂದು ವೀಕ್ಷಣೆಯ ಸಾಲಿನಲ್ಲಿ ಬರುತ್ತದೆ. ‘ಥ್ರೂಪ್ಲೇ’ ಎಂಬ ಇನ್ನೊಂದು ಸಾಲಿದೆ, ಅದು 15 ಸೆಕೆಂಡ್ ಅಥವಾ ಪೂರ್ತಿ ನೋಡಿದವರದ್ದು. ನಿಮಗೆ ಬೇಕಾದದ್ದು ಅದು. ಪ್ರಾಯ, ಗಂಡು-ಹೆಣ್ಣು, ಪ್ರದೇಶದ ಪ್ರಕಾರ ವಿಂಗಡಿಸಿದ ವರದಿಯನ್ನೂ ಹಣ ಪಾವತಿಸುವ ಮೊದಲು ಕೇಳಿ ಪಡೆಯಿರಿ. ಆಡ್ಸ್ ಮ್ಯಾನೇಜರ್‌ನಿಂದ ಅದನ್ನು ತೆಗೆಯಲು ಕೆಲವೇ ನಿಮಿಷ ಸಾಕು. ಕೊಡಲಾಗದು ಎಂದರೆ ಖಾತೆಗೆ ನಿಮ್ಮನ್ನೇ ಸೇರಿಸಿಕೊಳ್ಳಲು ಹೇಳಿ, ನೋಡುವ ಅನುಮತಿ ಮಾತ್ರ ಇದ್ದರೂ ಎಲ್ಲ ಕಾಣುತ್ತದೆ.