ಊರೂರು ಸುತ್ತಿ ಹೆಣ್ಣಿನ ನಾಯಕತ್ವದ ಬಗ್ಗೆ, ವಸಾಹತು ಕಾಲದ ಯೋಚನೆಯಿಂದ ಹೊರಬರುವ ಬಗ್ಗೆ ನೀವು ಏನು ಕಲಿತಿರಿ?

ನೀವು ಪ್ರಶ್ನೆಯ ಜೊತೆಗೆ ಇನ್ನೊಂದು ಮಾತನ್ನೂ ಕೇಳಿದ್ದೀರಿ. ಪ್ರವಾಸ ಮಾಡಿದರೆ ತಲೆಯಲ್ಲಿ ಕೂತಿರುವ ಬ್ರಿಟಿಷರ ಕಾಲದ ಯೋಚನೆ ನಿಜವಾಗಿ ಕಳಚುತ್ತದಾ, ಅಥವಾ ಅದು ಸುಮ್ನೆ ದೊಡ್ಡ ಮಾತಾ ಅಂತ. ನನ್ನ ಮಟ್ಟಿಗೆ ಕಳಚಿದೆ. ಅದಕ್ಕೆ ದೂರದ ದೇಶವೇನೂ ಬೇಕಾಗಲಿಲ್ಲ. ಕಿತ್ತೂರು, ಬೈಲಹೊಂಗಲ, ಉಳ್ಳಾಲ, ಕುಮಟಾ ಹತ್ತಿರದ ಮಿರ್ಜಾನ್ ಕೋಟೆ, ಇಷ್ಟೇ ಸಾಕಾಯಿತು.

ಕಿತ್ತೂರಿನಿಂದ ಶುರು ಮಾಡುತ್ತೇನೆ. ಚೆನ್ನಮ್ಮ ಅಂದ ಕೂಡಲೇ ನಮ್ಮೆಲ್ಲರ ಕಣ್ಣ ಮುಂದೆ ಬರುವುದು ಕುದುರೆ, ಎತ್ತಿದ ಕತ್ತಿ. ಆದರೆ ಕೋಟೆಯೊಳಗೆ ಹೋದರೆ ಕಾಣುವುದು ಒಂದು ದೊಡ್ಡ ಮನೆಯ ಅವಶೇಷ. ಅಡುಗೆಮನೆ, ಊಟದ ಜಾಗ, ಸ್ನಾನದ ತೊಟ್ಟಿಗಳು, ಅವಕ್ಕೆ ನೀರು ಬರುವ ವ್ಯವಸ್ಥೆ. ಮೊಣಕಾಲೆತ್ತರದ ಗೋಡೆಗಳ ನಡುವೆ ಓಡಾಡುತ್ತಾ ನನಗೆ ಹೊಳೆದದ್ದು ಇದು: ಇಲ್ಲಿ ಇದ್ದವಳಿಗೆ ಯುದ್ಧ ಇದ್ದದ್ದು ಕೆಲವೇ ದಿನ. ಉಳಿದ ವರ್ಷಗಳಲ್ಲಿ ಇದ್ದದ್ದು ಸಂಸ್ಥಾನ ನಡೆಸುವ ಚಿಂತೆ.

ಗಂಡ ಮಲ್ಲಸರ್ಜ ತೀರಿಕೊಂಡದ್ದು 1816ರಲ್ಲಿ. ಅವನ ಮಗ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ. ಅದಕ್ಕೆ ಮುಂಚೆ ಶಿವಲಿಂಗಪ್ಪ ಎಂಬ ಹುಡುಗನನ್ನು ದತ್ತು ತೆಗೆದುಕೊಂಡಿದ್ದರು. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ದತ್ತನ್ನು ಒಪ್ಪಲಿಲ್ಲ, ಖಜಾನೆಗೆ ಮೊಹರು ಹಾಕಿಸಿದ. ಡಾಲ್‌ಹೌಸಿಯ 'ದತ್ತು ಮಕ್ಕಳಿಗೆ ಹಕ್ಕಿಲ್ಲ' ಎಂಬ ನೀತಿ ನಾವೆಲ್ಲ ಪರೀಕ್ಷೆಗೆ ಓದಿದ್ದೇವೆ, ಅಲ್ವಾ? ಅವನು ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಅದೇ ಏಟನ್ನು ಕಿತ್ತೂರು ಅದಕ್ಕೂ ಎರಡು ದಶಕ ಮೊದಲೇ ತಿಂದಿತ್ತು.

ಚೆನ್ನಮ್ಮ ಮೊದಲು ಮಾಡಿದ ಕೆಲಸ ಪತ್ರ ಬರೆದದ್ದು. ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್‌ಗೆ ತನ್ನ ಹಕ್ಕನ್ನು ತಿಳಿಸಿದಳು. ಅದು ನಡೆಯದೇ ಹೋದಾಗ 1824ರ ಅಕ್ಟೋಬರ್ 23ರ ಯುದ್ಧ. ಥ್ಯಾಕರೆ ಸತ್ತ, ಇಬ್ಬರು ಅಧಿಕಾರಿಗಳು ಸೆರೆ ಸಿಕ್ಕರು. ಡಿಸೆಂಬರ್‌ನಲ್ಲಿ ಇನ್ನೂ ದೊಡ್ಡ ಸೈನ್ಯ ಬಂದು ಕೋಟೆ ಬಿತ್ತು. 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಅವಳು ತೀರಿಕೊಂಡಳು. ಈ ಕತೆಯಲ್ಲಿ ನನಗೆ ಜಾಸ್ತಿ ತಟ್ಟುವುದು ಆ ಪತ್ರಗಳೇ. ಕಾನೂನು, ವಾರಸುದಾರಿಕೆ, ಖಜಾನೆ ಎಲ್ಲವನ್ನೂ ತಿಳಿದ ಒಬ್ಬ ಆಡಳಿತಗಾರ್ತಿ ಅಲ್ಲಿ ಕಾಣುತ್ತಾಳೆ. ನಾವು ಅವಳನ್ನು ಕುದುರೆಯಿಂದ ಇಳಿಯಲು ಬಿಟ್ಟೇ ಇಲ್ಲ.

ಉಳ್ಳಾಲಕ್ಕೆ ಹೋಗುವ ಮೊದಲು ಪಿಯೆತ್ರೊ ದೆಲ್ಲಾ ವಾಲೆ ಎಂಬ ಇಟಲಿಯ ಪ್ರವಾಸಿಯ ಪತ್ರಗಳನ್ನು ಓದಿದ್ದೆ. 1623ರಲ್ಲಿ ಅವನು ಉಳ್ಳಾಲದ ರಾಣಿಯನ್ನು ನೋಡಲು ಬಂದ. ಪೋರ್ಚುಗೀಸರನ್ನು ಮೊದಲು ಎದುರಿಸಿದ ಅಬ್ಬಕ್ಕ ಇವಳಲ್ಲ, ಅದೇ ಚೌಟ ಮನೆತನದ ಮುಂದಿನ ರಾಣಿ. ಅವನಿಗೆ ಅವಳು ಸಿಂಹಾಸನದಲ್ಲಿ ಸಿಗಲಿಲ್ಲ, ದಾರಿಯಲ್ಲಿ ಸಿಕ್ಕಳು. ಬರಿಗಾಲಲ್ಲಿ ನಡೆದು ಬರುತ್ತಿದ್ದಳು. ಬಿಳಿ ಹತ್ತಿ ಬಟ್ಟೆ, ಜೊತೆಗೆ ನಾಲ್ಕಾರು ಕಾವಲಿನವರು, ಹಿಂದೆ ಒಬ್ಬ ತಾಳೆಗರಿಯ ಕೊಡೆ ಹಿಡಿದವನು. ತಾನು ಅಗೆಸುತ್ತಿದ್ದ ಕಾಲುವೆ ಕೆಲಸ ನೋಡಲು ಬಂದಿದ್ದಳಂತೆ.

ಇದನ್ನು ನೋಡಿ ಅವನು ಬರೆದದ್ದೇನು ಗೊತ್ತಾ? ರಾಣಿಗಿಂತ ಅಡುಗೆಯವಳ ಹಾಗೆ ಇದ್ದಾಳೆ, ಸ್ಪೇನ್ ದೊರೆಯ ಸೈನ್ಯವನ್ನು ಸೋಲಿಸುತ್ತಿರುವುದು ಇಂಥವರಾ ಅಂತ. (ಆಗ ಪೋರ್ಚುಗಲ್ ಕೂಡ ಸ್ಪೇನ್ ದೊರೆಯ ಕೈಯಲ್ಲೇ ಇತ್ತು.) ಆಮೇಲೆ ಅವಳ ಮಾತು ಕೇಳಿ, ವಿವೇಕಿ ಹೆಂಗಸು ಎಂದು ಒಪ್ಪಿಕೊಳ್ಳುತ್ತಾನೆ. ಆ ಪುಟವನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಅವನು ಎಲ್ಲವನ್ನೂ ಕಣ್ಣಾರೆ ನೋಡಿ, ಚೆನ್ನಾಗಿಯೇ ಬರೆದಿದ್ದಾನೆ. ಆದರೆ ಆಳುವವರು ಹೀಗೂ ಇರಬಹುದು ಎಂಬ ಕಲ್ಪನೆಗೆ ಅವನ ತಲೆಯಲ್ಲಿ ಜಾಗ ಇರಲಿಲ್ಲ. ಮಣ್ಣಿನಲ್ಲಿ ನಿಂತು ಕಾಲುವೆ ನೋಡುವವಳು ಅವನ ಲೆಕ್ಕದಲ್ಲಿ ಕೆಲಸದವಳು. ನಮ್ಮ ಲೆಕ್ಕ ಇವತ್ತು ತುಂಬಾ ಬೇರೆ ಇದೆಯಾ? ಆ ಕಣ್ಣನ್ನು ಕಳಚಿಡುವುದೇ ನನ್ನ ಪಾಲಿಗೆ ವಸಾಹತು ಯೋಚನೆಯಿಂದ ಹೊರಬರುವುದು. ಬರೀ ಊರಿನ ಹೆಸರು, ರಸ್ತೆಯ ಹೆಸರು ಬದಲಿಸಿದರೆ ಅದು ಆಗುವುದಿಲ್ಲ.

ಮಿರ್ಜಾನ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದ ಕೋಟೆ ಅದು. ಪೋರ್ಚುಗೀಸರೇ ಅವಳನ್ನು ಕಾಳುಮೆಣಸಿನ ರಾಣಿ ಎಂದು ಕರೆದರು. ಅಲ್ಲಿ ಅಗೆದಾಗ ಚೀನಾ ಪಿಂಗಾಣಿಯ ಚೂರುಗಳೂ ಸಿಕ್ಕಿವೆ. ಕೆಂಪು ಕಲ್ಲಿನ ಗೋಡೆ, ಮೆಟ್ಟಿಲಿರುವ ಬಾವಿಗಳು, ಹತ್ತಿರದಲ್ಲೇ ಅಘನಾಶಿನಿ ಹೊಳೆ. ಅಲ್ಲಿ ನಿಂತರೆ ವ್ಯಾಪಾರ ಎಷ್ಟು ದೂರ ಹಬ್ಬಿತ್ತು ಅನ್ನುವುದು ತಾನಾಗಿ ಅರ್ಥವಾಗುತ್ತದೆ.

ಹಾಗಂತ ಬ್ರಿಟಿಷರು ಬರುವ ಮುಂಚೆ ಎಲ್ಲ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ತುಳುನಾಡಿನ ಅಳಿಯಸಂತಾನದಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಹರಿಯುತ್ತಿತ್ತು, ಅಬ್ಬಕ್ಕನಿಗೆ ಪಟ್ಟ ಬಂದದ್ದೂ ಆ ಪದ್ಧತಿಯಿಂದಲೇ. ಆದರೆ ಹೊಲದಲ್ಲಿ ದುಡಿಯುವ ಹೆಣ್ಣಿಗೆ ಅದರಿಂದ ಏನು ಸಿಕ್ಕಿತು? ಜಾತಿ ಆಗಲೂ ಇತ್ತು. ಹಳೆಯದನ್ನೆಲ್ಲ ಹೊಗಳಿದರೆ ಇನ್ನೊಂದು ಕಟ್ಟುಕತೆ ಹುಟ್ಟುತ್ತದೆ, ಅಷ್ಟೇ.

ಪ್ರವಾಸದ ವಿಷಯಕ್ಕೆ ಬಂದರೆ, ನನಗೆ ದಾರಿ ತೋರಿಸಿದವರು ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ. 1926ರಲ್ಲಿ ಮದ್ರಾಸ್ ಶಾಸನ ಸಭೆಗೆ ಚುನಾವಣೆಗೆ ನಿಂತರು, ಸ್ವಲ್ಪದರಲ್ಲಿ ಸೋತರು. 1930ರ ಉಪ್ಪಿನ ಸತ್ಯಾಗ್ರಹಕ್ಕೆ ಹೆಂಗಸರೂ ಬರಬೇಕು ಎಂದು ಗಾಂಧೀಜಿಯನ್ನೇ ಒಪ್ಪಿಸಿದರು. ಆಮೇಲೆ ಅಮೆರಿಕ ಸುತ್ತುವಾಗ, ಅದರ ದಕ್ಷಿಣದ ರಾಜ್ಯಗಳಲ್ಲಿ ರೈಲಿನ ಸಿಬ್ಬಂದಿ ಬಿಳಿಯರ ಬೋಗಿಯಿಂದ ಏಳಿ ಅಂದ. ಇವರು ಬೇರೆ ದೇಶದವರು ಅನಿಸಿದಾಗ, ಯಾವ ನಾಡಿನವರು ಎಂದು ಕೇಳಿದ. ಅವರು ಪರದೇಶದವರಿಗೆ ಸಿಗುವ ವಿನಾಯಿತಿಯನ್ನು ತೆಗೆದುಕೊಳ್ಳಲಿಲ್ಲ. ತಾನೂ ಬಿಳಿಯಳಲ್ಲದ ಹೆಣ್ಣೇ ಎಂದು ಹೇಳಿ ಅಲ್ಲೇ ಕೂತರು. ಪ್ರವಾಸಿಗೆ ಸಿಗುವ ಅತಿಥಿಯ ಸ್ಥಾನ ಬಿಟ್ಟು ಆ ನೆಲದ ನೊಂದವರ ಜೊತೆ ನಿಲ್ಲುವುದು ಎಂಥ ಧೈರ್ಯ! ಯಾವ ಊರಿಗೆ ಹೋದರೂ ನಾನು ಇದನ್ನು ನೆನಪಿಸಿಕೊಳ್ಳುತ್ತೇನೆ.

ಮಿರ್ಜಾನ್‌ನಿಂದ ಬರುವಾಗ ಒಂದು ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ದಾರಿ ಕೇಳಲು ನಿಂತೆ. ಅಧ್ಯಕ್ಷೆ ಮೇಜಿನ ಮೇಲೆ ರಿಜಿಸ್ಟರ್ ಹರವಿಕೊಂಡು, ಯಾವ ಕೇರಿಗೆ ಟ್ಯಾಂಕರ್ ಬಂದಿಲ್ಲ ಎಂದು ಪೆನ್ನಿನಿಂದ ಗೆರೆ ಎಳೆಯುತ್ತಿದ್ದರು. ಅಷ್ಟರಲ್ಲಿ ಒಬ್ಬರು ಒಳಗೆ ಬಂದು, ಅವರ ಮುಂದೆಯೇ, "ಯಜಮಾನ್ರು ಇಲ್ವಾ?" ಎಂದು ಕೇಳಿದರು. ಆಕೆ ತಲೆ ಎತ್ತದೆ, "ನೀರಿನ ವಿಷಯ ಆದ್ರೆ ನಾನೇ, ಕೂತ್ಕೊಳಿ" ಅಂದರು. ನನಗೆ ಉಳ್ಳಾಲದ ಆ ರಾಣಿಯೇ ಕಣ್ಣಿಗೆ ಕಟ್ಟಿದಳು.

ಕರ್ನಾಟಕ 1983ರ ಕಾಯ್ದೆಯಲ್ಲೇ ಪಂಚಾಯಿತಿಗಳಲ್ಲಿ ಹೆಂಗಸರಿಗೆ ಕಾಲು ಭಾಗ ಸ್ಥಾನ ಕೊಟ್ಟಿತು. ಇಡೀ ದೇಶದ ಪಂಚಾಯಿತಿಗಳಿಗೆ ಇಂಥ ಮೀಸಲಾತಿ ತಂದ ಸಂವಿಧಾನದ 73ನೇ ತಿದ್ದುಪಡಿ ಬಂದದ್ದು ಅದಾದ ಎಷ್ಟೋ ವರ್ಷದ ಮೇಲೆ. 2010ರಲ್ಲಿ ನಮ್ಮ ರಾಜ್ಯ ಅದನ್ನು ಅರ್ಧಕ್ಕೆ ಏರಿಸಿತು. ಕುರ್ಚಿ ಸಿಕ್ಕಿದೆ. ಆದರೆ ಒಳಗೆ ಬರುವವರು ಇನ್ನೂ ಯಜಮಾನರನ್ನೇ ಹುಡುಕುತ್ತಾರೆ.

ನೀವು ಹೊರಡುವುದಾದರೆ, ಕಿತ್ತೂರಿಗೆ ಅಕ್ಟೋಬರ್‌ನ ಉತ್ಸವಕ್ಕೆ ಒಮ್ಮೆ, ಜನ ಇಲ್ಲದ ದಿನ ಇನ್ನೊಮ್ಮೆ ಹೋಗಿ. ಎರಡೂ ಬೇರೆ ಬೇರೆ ಊರುಗಳ ಹಾಗೆ ಕಾಣುತ್ತವೆ. ಉಳ್ಳಾಲಕ್ಕೆ ಹೋಗುವ ಮೊದಲು ದೆಲ್ಲಾ ವಾಲೆಯ ಪತ್ರ ಓದಿ, ಅದು ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಎಲ್ಲಿಗೆ ಹೋದರೂ ಕೋಟೆ ನೋಡಿದ ಮೇಲೆ ಆ ಊರಿನ ಪಂಚಾಯಿತಿಗೂ ಒಂದು ಸುತ್ತು ಹೋಗಿ, ಅಲ್ಲಿಯ ಸದಸ್ಯೆಯರ ಜೊತೆ ನೀರು, ರಸ್ತೆ, ಲೆಕ್ಕದ ಬಗ್ಗೆ ಮಾತಾಡಿ.