ಕಣ್ಣುರಿಗೆ ಕ್ಲೋರಿನ್ ಹೆಚ್ಚಾದದ್ದೇ ಕಾರಣವೇ?

ವಾಟರ್ ಪಾರ್ಕಿನಲ್ಲಿ ಅರ್ಧ ಜಾರುಬಂಡೆಗಳು ಮುಚ್ಚಿದ್ದವು, ಸಂಜೆಗೆ ಮಕ್ಕಳಿಬ್ಬರ ಕಣ್ಣೂ ಕೆಂಡದಂತಾದವು, ನೀರಿಗೆ ಕ್ಲೋರಿನ್ ಸುರಿದುಬಿಟ್ಟಿದ್ದರೇ ಎಂದು ಕೇಳಿದ್ದೀರಿ. ಬಹುಶಃ ಉಲ್ಟಾ. ಚೆನ್ನಾಗಿ ನೋಡಿಕೊಂಡ ಕೊಳದ ನೀರಿಗೆ ಅಷ್ಟೇನೂ ವಾಸನೆ ಇರುವುದಿಲ್ಲ. ಮೂಗಿಗೆ ಹೊಡೆಯುವ ಆ ಘಾಟು ಕ್ಲೋರಮೈನ್‌ಗಳದ್ದು. ಜನರ ಬೆವರು, ಮೂತ್ರದೊಂದಿಗೆ ಕ್ಲೋರಿನ್ ಬೆರೆತಾಗ ಹುಟ್ಟುವಂಥವು. ಕಣ್ಣು ಉರಿಸುವುದೂ ಅವೇ. ಅಂದರೆ ಜನ ಹೆಚ್ಚಾಗಿ, ಕೆಲಸ ಮಾಡಬಲ್ಲ ಕ್ಲೋರಿನ್ ಕಡಿಮೆಯಾಗಿದ್ದ ಸಂಭವವೇ ಜಾಸ್ತಿ. ಲೀಟರಿಗೆ ಕನಿಷ್ಠ 1 ಮಿಲಿಗ್ರಾಂ ಕ್ಲೋರಿನ್, ಪಿಎಚ್ (ನೀರು ಎಷ್ಟು ಆಮ್ಲೀಯ ಎಂಬುದರ ಅಳತೆ) 7ರಿಂದ 7.8ರ ನಡುವೆ ಇರಬೇಕು. ನೀರು ಪರೀಕ್ಷಿಸುವ ಕಾಗದದ ಪಟ್ಟಿಯನ್ನು ಅದ್ದಿದರೆ ಬಣ್ಣವೇ ಹೇಳುತ್ತದೆ. (ನಾನೊಮ್ಮೆ ಈ ಲೆಕ್ಕ ಕೇಳಿದಾಗ ಸಿಬ್ಬಂದಿ ಮುಖ ಮುಖ ನೋಡಿಕೊಂಡರು. ಉತ್ತರ ಅದರಲ್ಲೇ ಸಿಕ್ಕಿತು.)

ಚಿಕ್ಕವಳನ್ನು ಮೆಟ್ಟಿಲೆಲ್ಲ ಹತ್ತಿಸಿ, ತುದಿಯಲ್ಲಿ ಅಳತೆಕೋಲಿಗೆ ನಿಲ್ಲಿಸಿ ವಾಪಸ್ ಕಳಿಸಿದರಲ್ಲ, ನಮಗೂ ಹಾಗೇ ಆಗಿದೆ. ನನ್ನ ಮಗ ಎರಡು ಬೆರಳಷ್ಟು ಕಡಿಮೆಯಿದ್ದ. ತುದಿಗಾಲಲ್ಲಿ ನಿಂತೂ ನೋಡಿದ, ಪಾಪ. ನಿಯಮ ತಪ್ಪಲ್ಲ, ಆ ಕೋಲನ್ನು ಕೆಳಗೇ ನಿಲ್ಲಿಸದಿರುವುದು ತಪ್ಪು.

ಟಿಕೆಟ್ ಹಣ ವಾಪಸ್ ಪಡೆಯುವ ವಿಷಯಕ್ಕೆ ಬಂದರೆ, ಮುಚ್ಚಿದ ಆಟಗಳ ಪಟ್ಟಿಯನ್ನು ಟಿಕೆಟ್ ಕೊಡುವಲ್ಲಿ ಹಾಕಿರಲಿಲ್ಲವೆಂದರೆ ಬರವಣಿಗೆಯಲ್ಲೇ ಕೇಳಿ. ಪೂರ್ತಿ ಮರಳುವುದು ಕಷ್ಟ, ಇನ್ನೊಂದು ದಿನದ ಪ್ರವೇಶಕ್ಕೆ ಒಪ್ಪಬಹುದು.

ಹತ್ತು ದಿನದೊಳಗೆ ಮಕ್ಕಳಿಗೆ ಭೇದಿ ಶುರುವಾದರೆ, ಕೊಳಕ್ಕೆ ಇಳಿದಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಿ. ಕ್ರಿಪ್ಟೊಸ್ಪೊರಿಡಿಯಂ ಎಂಬ ಪರೋಪಜೀವಿ ಕ್ಲೋರಿನ್ ಹಾಕಿದ ನೀರಿನಲ್ಲೂ ವಾರಕ್ಕಿಂತ ಹೆಚ್ಚು ಕಾಲ ಬದುಕಬಲ್ಲದು.